ಅಂಕಿಯ ಕೆಳಗಿಲ್ಲದ ಗೆರೆ

ಕಂಪನಿ ಬಸ್ಸು ಏಳೂ ಹತ್ತಕ್ಕೆ ಸರಿಯಾಗಿ ಬೀದಿಯ ಮೂಲೆಯಲ್ಲಿ ನಿಂತು ಎರಡು ಸಲ ಹಾರನ್ ಹೊಡೆಯಿತು.

ಮನೆಯೊಳಗೆ ಯಾರೂ ಅಲುಗಾಡಲಿಲ್ಲ. ಎರಡು ಹಾರನ್ ಎಂದರೆ ನಂದೀಶನಿಗೆ. ನಂದೀಶ ಹೋಗಿ ಇವತ್ತಿಗೆ ಹನ್ನೆರಡನೆಯ ದಿನ. ನಿನ್ನೆ ತಿಥಿ ಮುಗಿದು, ಶಾಮಿಯಾನದವರು ಕಂಬ ಕಿತ್ತುಕೊಂಡು ಹೋಗಿ, ಉಳಿದಿದ್ದ ನೆಂಟರೂ ಸಂಜೆಯ ಬಸ್ಸು ಹತ್ತಿದ್ದರು.

"ಬಸ್ ಬಂತು," ಎಂದರು ಅತ್ತೆ ಅನುಸೂಯಮ್ಮ ಅಡುಗೆಮನೆಯಿಂದ. ಎಂದವರೇ ಬಾಯಿಗೆ ಸೆರಗು ಒತ್ತಿಕೊಂಡರು.

ಪ್ರಮೋದಾ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

"ಎಲ್ಲಿಗವ್ವಾ?"

"ಫ್ಯಾಕ್ಟ್ರಿಗೆ."

"ಇನ್ನೂ ಹದಿನೈದು ದಿನ ತುಂಬಿಲ್ಲ. ಬೀದೀಲಿರೋರು ಏನಂದಾರು?"

"ಅಂದ್ಕೊಳ್ಳಿ ಅತ್ತೆ. ಮೂರು ಗಂಟೆಗೆ ಸರ್ಕಾರದ ಫ್ಯಾಕ್ಟ್ರಿ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ನಾನು ಆ ಡ್ರಾಯಿಂಗ್ ನೋಡ್ಬೇಕು."

ಅನುಸೂಯಮ್ಮ ಒಳಗೆ ಹೋದರು. ದೇವರ ಮುಂದೆ ನಿಂತು ಗೊಣಗುತ್ತಾರೇನೋ ಎಂದುಕೊಂಡಳು ಪ್ರಮೋದಾ. ಅವರು ವಾಪಸು ಬಂದದ್ದು ಊಟದ ಡಬ್ಬಿ ಹಿಡಿದುಕೊಂಡು.

"ಚಿತ್ರಾನ್ನ ಐತೆ. ತಿನ್ನು. ಖಾಲಿ ಹೊಟ್ಟೇಲಿ ಜಗಳ ಆಡ್ಬಾರ್ದು."

ಬಸ್ಸಿನ ಮೆಟ್ಟಿಲ ಮೇಲೆ ಅವಳನ್ನು ಕಂಡು ಡ್ರೈವರ್ ಗೋಪಾಲಪ್ಪನ ಮುಖ ಇಳಿದುಹೋಯಿತು.

"ಅಮ್ಮಾ, ತಪ್ಪಾಯ್ತು. ಆರು ವರ್ಷದ ಅಭ್ಯಾಸ. ಕೈ ತಾನಾಗೇ ಹಾರನ್ ಮೇಲೆ ಹೋಗ್ಬಿಡ್ತು."

"ಒಳ್ಳೇದೇ ಆಯ್ತು ಬಿಡಿ. ಇಷ್ಟು ಹೊತ್ತಿಗೆ ಆಟೋದೋರು ಬಾಶೆಟ್ಟಿಹಳ್ಳಿ ಫ್ಯಾಕ್ಟ್ರಿ ಅಂದ್ರೆ ಮುಖ ತಿರುಗಿಸ್ತಾರೆ," ಎಂದು ಅವಳು ಹತ್ತಿ ಕೂತಳು. ಪಕ್ಕದ ಬೀದಿಗಳ ಮಗ್ಗಗಳ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು.

ನಡೆದದ್ದು ಇಷ್ಟು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಖಾನೆಯಲ್ಲಿ ಭಾರ ಎತ್ತುವ ಹಾಯಿಸ್ಟಿನ ಪಿನ್ನು ಮುರಿದು ಒಂದೂವರೆ ಟನ್ನಿನ ಅಚ್ಚು ಕೆಳಗೆ ಬಿದ್ದಿತ್ತು. ನಂದೀಶ ಅಲ್ಲೇ ಸತ್ತ, ಪಕ್ಕದಲ್ಲಿದ್ದ ಫಿಟ್ಟರ್ ಮುರಳಿಯ ಎಡಗಾಲು ಜಜ್ಜಿಹೋಯಿತು, ಪಿನ್ನಿನ ಡ್ರಾಯಿಂಗ್ ಬರೆದ ನಂದೀಶನದೇ ತಪ್ಪು ಎಂದು ಕಂಪನಿ ವರದಿ ಬರೆದಿತ್ತು.

ನಿನ್ನೆ ತಿಥಿಯ ಊಟಕ್ಕೆ ಮುರಳಿಯ ತಾಯಿ ಮುನಿರತ್ನಮ್ಮ ಬಂದಿದ್ದರು. ಎಲೆ ಮುಟ್ಟಲಿಲ್ಲ. ಹೊರಡುವಾಗ ಪ್ರಮೋದಾಳ ಹತ್ತಿರ ಬಂದು ಒಂದೇ ಮಾತು ಕೇಳಿದರು.

"ನಿನ್ನ ಗಂಡ ತಪ್ಪು ಬರ್ದಿದ್ದಕ್ಕೆ ನನ್ನ ಮಗನ ಕಾಲು ಹೋಯ್ತಂತೆ. ದಿಟಾನಾ?"

ಪ್ರಮೋದಾಳಿಗೆ ಅಳು ಬಂದಿರಲಿಲ್ಲ. ಹನ್ನೆರಡು ದಿನದಿಂದಲೂ ಬಂದಿರಲಿಲ್ಲ. ಆ ಪ್ರಶ್ನೆ ಮಾತ್ರ ಬಂದು ಎದೆಯ ಮೇಲೆ ಕೂತಿತ್ತು. ಉತ್ತರ ತೆಗೆದುಕೊಂಡೇ ಅದು ಏಳುವುದು ಎಂದು ಅವಳಿಗೆ ಗೊತ್ತಿತ್ತು.

ಉತ್ತರ ಹುಡುಕುವುದು ಅವಳಿಗೆ ಬರುತ್ತಿತ್ತು. ನಾಲ್ಕು ವರ್ಷದಿಂದ ಪಾಲಿಟೆಕ್ನಿಕ್ಕಿನಲ್ಲಿ ಮಕ್ಕಳಿಗೆ ಅವಳು ಕಲಿಸುತ್ತಿದ್ದದ್ದೇ ಯಂತ್ರಗಳ ಡ್ರಾಯಿಂಗ್.

*

ಡ್ರಾಯಿಂಗ್ ಆಫೀಸಿನಲ್ಲಿ ನಂದೀಶನ ಮೇಜನ್ನು ಆಗಲೇ ಒರೆಸಿ ಇಟ್ಟಿದ್ದರು. ಕಡತ ನೋಡಿಕೊಳ್ಳುವ ಭಾನುಪ್ರಿಯಾ ಒಂದು ರಟ್ಟಿನ ಪೆಟ್ಟಿಗೆ ತಂದು ಮುಂದಿಟ್ಟಳು.

"ಮೇಡಂ, ನೆನಪಿದ್ಯಾ? ನಾನು ನಿಮ್ಮ ಸ್ಟೂಡೆಂಟು. ಎರಡು ಸಾವಿರದ ಇಪ್ಪತ್ತೊಂದರ ಬ್ಯಾಚು."

"ನೆನಪಿದೆ. ಬಾಣದ ತುದಿ ತುಂಬಾ ದಪ್ಪ ಬರೀತಿದ್ದೆ."

ಭಾನುಪ್ರಿಯಾ ನಗುವುದೋ ಬೇಡವೋ ಎಂದು ತಿಳಿಯದೆ ನಿಂತಳು.

ಪೆಟ್ಟಿಗೆಯಲ್ಲಿ ಒಂದು ಸ್ವೆಟರ್, ನೀರಿನ ಬಾಟಲಿ, ನಾಲ್ಕು ಪೆನ್ಸಿಲ್ಲು. ತಳದಲ್ಲಿ ಒಂದು ರೇಡಿಯಸ್ ಗೇಜು. ಉಗುರು ಕತ್ತರಿಯಷ್ಟೇ ದೊಡ್ಡ ಹಿಡಿಯೊಳಗೆ ತೆಳ್ಳಗಿನ ಉಕ್ಕಿನ ಎಲೆಗಳು ಮಡಚಿಕೊಂಡಿದ್ದವು. ಒಂದೊಂದು ಎಲೆಯ ತುದಿಯೂ ಒಂದೊಂದು ಅಳತೆಯ ದುಂಡು. ಲೋಹದ ಮೂಲೆಗೆ ಎಲೆ ಒತ್ತಿ ಹಿಡಿದು, ಸಂದಿನಲ್ಲಿ ಬೆಳಕು ಕಾಣದಿದ್ದರೆ ಅದೇ ಅಳತೆ. ಹಿಡಿಯ ಮೇಲೆ ಮೊಳೆಯಿಂದ ಕೊರೆದ ಹೆಸರಿತ್ತು: ಮಸ್ತಾನ್.

"ಓ, ಅದಾ? ದರ್ಗಾಜೋಗಿಹಳ್ಳಿ ರಸ್ತೇಲಿ ಲೇತ್ ಇಟ್ಕೊಂಡಿದ್ದಾರಲ್ಲ, ಮಸ್ತಾನ್ ಸಾಬ್ರು, ಅವರದ್ದು. ನಂದೀಶ್ ಸಾರ್ ಇಸ್ಕೊಂಡ್ಬಂದಿದ್ರು. ಇಲ್ಲೇ ಇಟ್ಟೋಗಿ ಮೇಡಂ, ನಾವೇ ಕಳಿಸ್ಕೊಡ್ತೀವಿ."

"ಬೇಡ. ಅವರು ತಂದಿದ್ದು ನಾನೇ ಕೊಡ್ತೀನಿ."

ಆಫೀಸಿನಲ್ಲಿ ಇಂಥ ಗೇಜುಗಳು ಎರಡು ಇದ್ದವು. ಗೋಡೆಗೆ ನೇತುಹಾಕಿದ್ದು ಕಾಣುತ್ತಿತ್ತು. ಹಾಗಿದ್ದೂ ನಂದೀಶ ಹೊರಗಿನಿಂದ ಯಾಕೆ ಎರವಲು ತಂದ? ಕೇಳುವಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು.

ವರ್ಕ್ಸ್ ಮ್ಯಾನೇಜರ್ ಉಮಾಶಂಕರ್ ಒಳ್ಳೆಯ ಇಸ್ತ್ರಿಯ ಅಂಗಿ ತೊಟ್ಟ, ಮೆಲುದನಿಯ ಮನುಷ್ಯ. ಅಂತ್ಯಕ್ರಿಯೆಯ ದಿನ ಹೆಣಕ್ಕೆ ಹೆಗಲು ಕೊಟ್ಟಿದ್ದರು.

"ಬನ್ನಿ ಅಮ್ಮ. ನೀವೇ ಬರೋ ಅವಶ್ಯಕತೆ ಇರ್ಲಿಲ್ಲ. ಕಾಗದ ಮನೆಗೇ ಕಳಿಸ್ತಿದ್ದೆ." ಎರಡು ಹಾಳೆಯ ವರದಿಯನ್ನು ಅವಳತ್ತ ಸರಿಸಿದರು. "ಓದಿ ತಿಳ್ಕೊಂಡಿದ್ದೀನಿ ಅಂತ ಇಲ್ಲೊಂದು ಸೈನು. ಇನ್‌ಸ್ಪೆಕ್ಟರ್ ಬಂದ್ರೆ ನಿಮ್ಮನ್ನ ಪದೇಪದೇ ಕರೆಯೋದು ತಪ್ಪುತ್ತೆ."

"ಡ್ರಾಯಿಂಗ್ ಕೊಡಿ ಸಾರ್."

"ಈಗ್ಯಾಕೆ ಅದೆಲ್ಲ? ಮನಸ್ಸಿಗೆ ನೋವು."

"ಓದಿ ತಿಳ್ಕೊಳ್ಳೋಕೆ. ನೀವೇ ಅಂದ್ರಲ್ಲ."

ಉಮಾಶಂಕರ್ ಎದ್ದು ಬೀರುವಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು.

ಪ್ರಮೋದಾ ಬೇರೆಯವರು ಓದುವಂತೆ ಚಿತ್ರದಿಂದ ಶುರುಮಾಡಲಿಲ್ಲ. ಕೆಳಗಿನ ಬಲಮೂಲೆಯ ಚೌಕದಿಂದ ಶುರುಮಾಡಿದಳು. ಭಾಗದ ಹೆಸರು: ಹಾಯಿಸ್ಟ್ ಪಿನ್. ರಚನೆ: ನಂದೀಶ್. ಪರಿಶೀಲನೆ: ಉಮಾಶಂಕರ್. ಸ್ಕೇಲು: ಒಂದಕ್ಕೆ ಒಂದು. ಅಂದರೆ ಪಿನ್ನು ಎಷ್ಟಿರುತ್ತದೋ ಕಾಗದದ ಮೇಲೂ ಅಷ್ಟೇ. ಬಲಗಡೆ ಮೇಲೆ, ತಿದ್ದುಪಡಿಗಳನ್ನು ಬರೆಯುವ ಪಟ್ಟಿ ಖಾಲಿ.

ಆಮೇಲೆ ಚಿತ್ರ. ಪಿನ್ನಿನ ದಪ್ಪ ಭಾಗ ಸಣ್ಣ ಭಾಗಕ್ಕೆ ಇಳಿಯುವ ಮೂಲೆ. ಅಂಥ ಮೂಲೆಯನ್ನು ಚೂಪಾಗಿ ಬಿಡಬಾರದು, ದುಂಡು ಮಾಡಬೇಕು. ಚೂಪು ಮೂಲೆಯಲ್ಲೇ ಉಕ್ಕು ಬಿರುಕು ಬಿಡುವುದು. ಬಾಣದ ತುದಿಯಲ್ಲಿ ದುಂಡಿನ ಅಳತೆ ಬರೆದಿತ್ತು: ಒಂದು ಮಿಲಿಮೀಟರ್.

ಒಂದು ಎಂದರೆ ಚೂಪೇ.

"ನೋಡಿದ್ರಲ್ಲ," ಎಂದರು ಉಮಾಶಂಕರ್. "ಆರು ಇರಬೇಕಾದ ಕಡೆ ಒಂದು. ಕಂಪ್ಯೂಟರಲ್ಲಿ ಕೈ ತಪ್ಪಿರುತ್ತೆ. ಅವನು ಬೇಕೂಂತ ಮಾಡಿದ ಅಂತ ಯಾರೂ ಅಂತಿಲ್ಲ."

ಪ್ರಮೋದಾ ಹಾಳೆಯ ಮೇಲೆ ಬಗ್ಗಿದಳು. ಗೇಜು ಬಿಡಿಸಿ, ಒಂದರ ಎಲೆಯನ್ನು ಕಾಗದದ ಮೇಲಿನ ಗೆರೆಗೆ ಹಿಡಿದಳು. ಗೆರೆ ಎಲೆಯನ್ನು ಬಿಟ್ಟು ಎಲ್ಲೋ ಹೋಗುತ್ತಿತ್ತು. ಮೂರು. ಇಲ್ಲ. ಐದು. ಇನ್ನೂ ಸ್ವಲ್ಪ. ಆರರ ಎಲೆ ಇಟ್ಟಾಗ ಗೆರೆ ಅದರ ಅಂಚಿನ ಕೆಳಗೆ ಮುಚ್ಚಿಹೋಯಿತು.

"ಸಾರ್, ಅಂಕಿ ಒಂದು ಅಂತಿದೆ. ಗೆರೆ ಆರು ಅಂತಿದೆ."

"ಡ್ರಾಯಿಂಗನ್ನ ಅಳೀಬೇಡಿ ಅಂತ ಆ ಹಾಳೆ ಮೇಲೇ ಬರ್ದಿದೆ. ಅಂಕಿಯೇ ಕಾನೂನು. ನೀವೇ ಪಾಠ ಹೇಳ್ಕೊಡೋರು."

"ಅದು ಕಬ್ಬಿಣ ಕಡೆಯೋರಿಗೆ ಬರ್ದಿರೋದು ಸಾರ್. ಕಳ್ಳನ್ನ ಹುಡುಕೋರಿಗಲ್ಲ."

ಉಮಾಶಂಕರ್ ಕನ್ನಡಕ ತೆಗೆದರು.

"ಕಂಪ್ಯೂಟರಲ್ಲಿ ಆರು ಅಂತ ಎಳೆದ್ರೆ ಅದೇ ಆರು ಅಂತ ಬರ್ಕೊಳ್ಳುತ್ತೆ," ಎಂದಳು ಪ್ರಮೋದಾ. "ಕೈ ತಪ್ಪಿ ಒಂದು ಎಳೆದಿದ್ರೆ ಗೆರೇನೂ ಒಂದೇ ಇರ್ತಿತ್ತು. ಇಲ್ಲಿ ಗೆರೆ ಹಾಗೇ ಬಿಟ್ಟು ಅಂಕಿ ಮಾತ್ರ ಅಳಿಸಿ ಬರ್ದಿದ್ದಾರೆ. ಇದು ಕೈ ತಪ್ಪಿ ಆಗಲ್ಲ. ಕೂತ್ಕೊಂಡು ಮಾಡ್ಬೇಕು."

"ಹಾಗಾದ್ರೆ ಅವನೇ ಕೂತ್ಕೊಂಡು ಮಾಡಿದ್ದಾನೆ. ಅವಸರ ಇತ್ತು, ಗೆರೆ ತಿದ್ದೋಕೆ ಪುರುಸೊತ್ತಿರ್ಲಿಲ್ಲ."

"ಗೆರೆ ತಿದ್ದದೆ ಅಂಕಿ ತಿದ್ದಿದ್ರೆ, ಆ ಅಂಕಿ ಕೆಳಗೆ ಅಡ್ಡಗೆರೆ ಎಳೀಬೇಕು. ಈ ಅಂಕಿ ಚಿತ್ರಕ್ಕೆ ಹೊಂದಲ್ಲ, ಹುಷಾರು ಅಂತ. ಪಕ್ಕದಲ್ಲೊಂದು ತ್ರಿಕೋನ. ಮೇಲಿನ ಪಟ್ಟೀಲಿ ತಾರೀಖು, ಕಾರಣ, ಸೈನು. ಇಲ್ಲಿ ಯಾವುದೂ ಇಲ್ಲ."

"ಅಯ್ಯೋ, ಅದೆಲ್ಲ ಪುಸ್ತಕದ ಬದ್ನೇಕಾಯಿ ಅಮ್ಮ. ನಲವತ್ತು ಜನರ ಕಾರ್ಖಾನೆ ಇದು. ಇಲ್ಲಿ ಯಾರು ತ್ರಿಕೋನ ಬರೀತಾರೆ?"

"ಭಾನುಪ್ರಿಯಾ," ಎಂದು ಪ್ರಮೋದಾ ತಿರುಗಿದಳು. "ನಂದೀಶ್ ತಿದ್ದಿರೋ ಬೇರೆ ಡ್ರಾಯಿಂಗ್ ಒಂದು ಕೊಡು. ಯಾವುದಾದ್ರೂ ಸರಿ."

ಭಾನುಪ್ರಿಯಾ ಉಮಾಶಂಕರರ ಮುಖ ನೋಡಿದಳು. ಅವರು ಬೇಡ ಎನ್ನಲಿಲ್ಲ. ಎನ್ನುವುದಕ್ಕೆ ಕಾರಣ ಸಿಗಲಿಲ್ಲವೇನೋ. ಅವಳು ಬೀರುವಿನಿಂದ ಕೈಗೆ ಬಂದ ಮೂರು ಹಾಳೆ ಎಳೆದು ತಂದಳು.

ಮೂರರಲ್ಲೂ ಅದೇ ಕೈ. ಬದಲಾದ ಅಂಕಿಯ ಕೆಳಗೆ ನೇರವಾದ ಅಡ್ಡಗೆರೆ, ಪಕ್ಕದಲ್ಲಿ ಪುಟ್ಟ ತ್ರಿಕೋನ, ಪಟ್ಟಿಯಲ್ಲಿ ತಾರೀಖು. ಒಂದರಲ್ಲಿ ಕಾರಣವನ್ನೂ ಬರೆದಿದ್ದ: "ಗೋಪಾಲಪ್ಪನ ಬಸ್ಸಿನ ಏಣಿಗೆ ಹೊಂದುತ್ತಿಲ್ಲ." ಬಸ್ಸಿನ ಏಣಿಯ ಒಂದು ಕೊಂಡಿಗೂ ತ್ರಿಕೋನ ಬರೆಯುವ ಮನುಷ್ಯ!

ಕಾಲೇಜಿನ ಮೊದಲ ವರ್ಷ, ತಿದ್ದಿದ ಅಂಕಿಯ ಕೆಳಗೆ ಗೆರೆ ಎಳೆಯಲಿಲ್ಲವೆಂದು ನಂದೀಶನ ಎರಡು ಅಂಕ ಹೋಗಿತ್ತು. ಪಕ್ಕದ ಡ್ರಾಯಿಂಗ್ ಬೋರ್ಡಿನವಳು ಅದನ್ನು ತೋರಿಸಿ ನಕ್ಕಿದ್ದಳು. ಅವಳನ್ನೇ ಆರು ವರ್ಷದ ಮೇಲೆ ಮದುವೆಯಾದ. ಆಮೇಲೆ ದಿನಸಿ ಚೀಟಿಯಲ್ಲಿ ಎರಡು ಕೆಜಿಯನ್ನು ಮೂರು ಮಾಡಿದರೂ ಕೆಳಗೊಂದು ಗೆರೆ ಎಳೆಯುತ್ತಿದ್ದ.

ಅದನ್ನೆಲ್ಲ ಈ ಕೋಣೆಯಲ್ಲಿ ಹೇಳುವ ಅಗತ್ಯವಿರಲಿಲ್ಲ. ಅವಳು ಮೂರು ಹಾಳೆಗಳನ್ನು ಪಿನ್ನಿನ ಡ್ರಾಯಿಂಗಿನ ಪಕ್ಕದಲ್ಲಿ ಸಾಲಾಗಿ ಇಟ್ಟಳು.

"ಏಣಿಗೆ ತ್ರಿಕೋನ ಹಾಕಿದೋನು, ತಲೆ ಮೇಲೆ ಒಂದೂವರೆ ಟನ್ ಹೊರೋ ಪಿನ್ನಿಗೆ ಹಾಕ್ತಿರ್ಲಿಲ್ವಾ ಸಾರ್?"

"ನೋಡಿ," ಉಮಾಶಂಕರರ ಮೆಲುದನಿ ಮೊದಲ ಸಲ ಏರಿತು. "ನಿಮಗೆ ಪಾಠ ಗೊತ್ತು, ಶಾಪಿನ ಕೆಲಸ ಗೊತ್ತಿಲ್ಲ. ಡ್ರಾಯಿಂಗ್ ಚೆನ್ನಾಗಿದ್ರೆ ಸಾಕಾ? ಪಿನ್ನು ಕೂರೋ ಪ್ಲೇಟು ಹೊಸದು ಬಂತು. ತೂತಿನ ಬಾಯಿ ಚೂಪು. ಆರರ ದುಂಡು ಅದರಲ್ಲಿ ಪೂರ್ತಿ ಕೂರ್ತಿರ್ಲಿಲ್ಲ. ಲೈನ್ ನಿಲ್ಸೋಕಾಗುತ್ತಾ? ಆಗ ಏನ್ ಮಾಡ್ಬೇಕಿತ್ತು…"

ಅವರು ತಟ್ಟನೆ ಕನ್ನಡಕ ಮತ್ತೆ ಹಾಕಿಕೊಂಡರು.

ಭಾನುಪ್ರಿಯಾ ಬೀರುವಿನ ಬಾಗಿಲು ಹಿಡಿದುಕೊಂಡೇ ಇದ್ದಳು. ಹೊರಗೆ ಶಾಪಿನಲ್ಲಿ ಯಾವುದೋ ಪ್ರೆಸ್ಸು ಒಂದೇ ಸಮ ಬಡಿಯುತ್ತಿತ್ತು.

"ಅಂದ್ರೆ ಕೈ ತಪ್ಪಿದ್ದಲ್ಲ," ಎಂದಳು ಪ್ರಮೋದಾ.

"ನಾನೇನೂ ಹೇಳ್ಲಿಲ್ಲ. ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಬಂದಾಗ ನಾನು ಹೇಳೋದು ಈ ವರದೀಲಿ ಇರೋದಷ್ಟೇ. ನಿಮ್ಮ ಹತ್ರ ಇರೋದು ಒಂದು ಗೆರೆ. ಗೆರೆ ಸಾಕ್ಷಿ ಹೇಳಲ್ಲ ಅಮ್ಮ."

ಪ್ರಮೋದಾ ನಂದೀಶನ ಪೆನ್ಸಿಲ್ಲುಗಳಲ್ಲಿ ಒಂದನ್ನು ತೆಗೆದುಕೊಂಡಳು. ಸಹಿ ಹಾಕುವ ಜಾಗ ಬಿಟ್ಟು, ವರದಿಯ ಮೂರನೆಯ ಸಾಲಿಗೆ ಹೋದಳು. "ವಿನ್ಯಾಸಕಾರರ ಅಳತೆಯ ತಪ್ಪು" ಎಂಬ ಮಾತಿನ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಳು.

"ಇದು ನಿಜಕ್ಕೆ ಹೊಂದಲ್ಲ ಸಾರ್. ಅದಕ್ಕೆ."

*

ಉಮಾಶಂಕರ್ ಹೇಳಿದ್ದು ಸುಳ್ಳಲ್ಲ. ಅವಳ ಕೈಯಲ್ಲಿದ್ದದ್ದು ಹೊರಡುವ ಮುಂಚೆ ಫೋನಿನಲ್ಲಿ ತೆಗೆದುಕೊಂಡ ಡ್ರಾಯಿಂಗಿನ ಒಂದು ಫೋಟೋ. ಬೇಕಾಗಿದ್ದದ್ದು ಬಾಯಿಬಿಟ್ಟು ಹೇಳುವ ಒಬ್ಬ ಮನುಷ್ಯ.

ಕಚೇರಿಯ ಗೋಡೆಯ ಮೇಲೆ ಎರಡು ಗೇಜು ಇರುವಾಗ ಹೊರಗಿನಿಂದ ಇನ್ನೊಂದನ್ನು ತರುವವನು, ತಾನು ಅಳೆಯುವುದು ಕಚೇರಿಗೆ ಗೊತ್ತಾಗಬಾರದು ಎಂದುಕೊಂಡವನು. ಆಟೋದಲ್ಲಿ ದರ್ಗಾಜೋಗಿಹಳ್ಳಿ ರಸ್ತೆಗೆ ಹೋಗುವಷ್ಟು ಹೊತ್ತೂ ಪ್ರಮೋದಾ ಇದೊಂದನ್ನೇ ಮಗುಚಿ ಮಗುಚಿ ನೋಡಿದಳು. ಡಬ್ಬಿ ತೆರೆದು ನಾಲ್ಕು ತುತ್ತು ಚಿತ್ರಾನ್ನ ತಿಂದಳು. ರುಚಿ ತಿಳಿಯಲಿಲ್ಲ. ಆದರೂ ತಿಂದಳು.

ಮಸ್ತಾನರ ಅಂಗಡಿ ತಗಡಿನ ಶೆಡ್ಡು. ಎರಡು ಲೇತು, ಮೂಲೆಯಲ್ಲಿ ಮಗ್ಗದ ಮುರಿದ ಗಾಲಿಗಳ ರಾಶಿ. ಅರವತ್ತು ದಾಟಿದ ಮಸ್ತಾನ್ ಬಿಳಿ ಗಡ್ಡದ ಮೇಲೆ ಕಬ್ಬಿಣದ ಪುಡಿ ಹೊತ್ತುಕೊಂಡು ಕೆಲಸ ಮಾಡುತ್ತಿದ್ದರು. ಅವಳನ್ನು ನೋಡಿ ಲೇತ್ ನಿಲ್ಲಿಸಿದರು.

"ಯಾರು ಬೇಕಮ್ಮ?"

"ನಾನು ನಂದೀಶ್ ಮನೆಯವಳು. ನಿಮ್ಮ ವಸ್ತು ಒಂದು ನಮ್ಮಲ್ಲಿ ಉಳ್ಕೊಂಡಿತ್ತು."

ಮಸ್ತಾನ್ ಅವಳ ಅಂಗೈಯ ಮೇಲಿದ್ದ ಗೇಜು ನೋಡಿದರು. ಕೈ ಚಾಚಲಿಲ್ಲ. ಸ್ಟೂಲಿನ ಮೇಲಿದ್ದ ಬಟ್ಟೆಯಿಂದ ಸ್ಟೂಲನ್ನೇ ಒರೆಸಿ ಅವಳತ್ತ ತಳ್ಳಿದರು.

"ಕೂತ್ಕೋ ಬೇಟಿ. ಮಣ್ಣಿಗೆ ಬರಲಿಲ್ಲ ನಾನು. ಬರೋಕೆ ಮುಖ ಇರ್ಲಿಲ್ಲ."

"ಯಾಕೆ ಸಾಬ್?"

"ಆ ಪಿನ್ನು ಮಾಡಿದ್ದು ಈ ಕೈ."

ಪ್ರಮೋದಾ ಕೂತಳು.

"ಉಮಾಶಂಕರ್ ಸಾರ್ ಕಳಿಸಿದ ಪ್ರಿಂಟು. ಚಿತ್ರದಲ್ಲಿ ದುಂಡು ಇಷ್ಟು ದಪ್ಪ ಕಾಣ್ತದೆ, ಅಂಕಿ ಒಂದು ಅಂತದೆ. ಕ್ಯಾ ಬಾತ್ ಹೈ ಅಂತ ಫೋನ್ ಮಾಡ್ದೆ. 'ಅಂಕಿ ನೋಡಿ ಮಾಡಿ ಮಸ್ತಾನ್, ಚಿತ್ರ ಅಳೀತಾರಾ ಯಾರಾದ್ರೂ?' ಅಂತ ಉಮಾಶಂಕರ್ ಸಾರ್ ಬೈದ್ರು. ಸರಿ ಅಲ್ವಾ? ನಲವತ್ತು ವರ್ಷದಿಂದ ನಾನೂ ಹುಡುಗರಿಗೆ ಅದೇ ಹೇಳ್ಕೊಟ್ಟಿದ್ದು. ಅಂಕಿ ಓದು, ಗೆರೆ ಅಳೀಬೇಡ. ಅಂಕಿ ನೋಡಿ ಮಾಡ್ದೆ." ಅವರು ತಮ್ಮ ಕೈಗಳನ್ನು ಬಟ್ಟೆಯಿಂದ ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿದರು. "ನನ್ನ ಜನ್ಮದಲ್ಲಿ ಒಂದು ಸಲ ಅಳೀಬೇಕಿತ್ತು."

ಪ್ರಮೋದಾಳ ಎದೆ ಹಗುರಾಯಿತು. ಮನುಷ್ಯ ಸಿಕ್ಕಿದ್ದ, ಬಾಯಿಬಿಟ್ಟಿದ್ದ.

"ಇದನ್ನೇ ಬರ್ದು ಕೊಡ್ತೀರಾ? ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಮುಂದೆ ಇಡ್ಬೇಕು."

"ಕೊಡ್ತೀನಿ. ಆದ್ರೆ ಪೂರ್ತಿ ಕೇಳು. ಆಮೇಲೆ ಬೇಡ ಅಂದ್ರೆ ಬೇಡ." ಮಸ್ತಾನ್ ದನಿ ತಗ್ಗಿಸಿದರು. "ಬುಧವಾರ ಸಾಯಂಕಾಲ ನಂದೀಶ್ ಬಂದಿದ್ರು. ಬಿಡಿ ಪಿನ್ನು ಒಂದು ಇಲ್ಲಿತ್ತು. ಅದಕ್ಕೆ ಈ ಗೇಜು ಹಿಡಿದು ನೋಡಿದ್ರು. ಮುಖ ಬೆಳ್ಳಗಾಗ್ಬಿಡ್ತು. 'ಹಾಯಿಸ್ಟಲ್ಲಿರೋದನ್ನೂ ನೋಡ್ಬೇಕು, ಆಫೀಸಿನ ಗೇಜು ತಗೊಂಡ್ರೆ ಕೇಳ್ತಾರೆ' ಅಂತ ಇದನ್ನ ಇಸ್ಕೊಂಡ್ರು. 'ಬೆಳಿಗ್ಗೆ ಹೋದ ತಕ್ಷಣ ನಿಲ್ಲಿಸ್ತೀನಿ ಉಸ್ತಾದ್' ಅಂದ್ರು."

ಬುಧವಾರ ಸಾಯಂಕಾಲ. ಪಿನ್ನು ಮುರಿದದ್ದು ಗುರುವಾರ ಹನ್ನೊಂದಕ್ಕೆ. ಶಿಫ್ಟು ಶುರುವಾಗುವುದು ಏಳೂವರೆಗೆ. ಮೂರೂವರೆ ಗಂಟೆ ಆ ಹಾಯಿಸ್ಟು ಅಚ್ಚುಗಳನ್ನು ಎತ್ತುತ್ತಲೇ ಇತ್ತು. ಅದರ ಕೆಳಗೆ ಮುರಳಿ ಇದ್ದ.

ನಂದೀಶನಿಗೆ ಗೊತ್ತಿತ್ತು.

"ನಾನು ಬರೆದ್ರೆ ಇದೂ ಬರುತ್ತೆ," ಎಂದರು ಮಸ್ತಾನ್. "ಅರ್ಧ ಬರೆಯೋಕೆ ನನಗಾಗಲ್ಲ. ಡ್ರಾಯಿಂಗ್ ತಪ್ಪು ಅವರದಲ್ಲ ಅಂತ ಆಗುತ್ತೆ. ಗೊತ್ತಿದ್ದೂ ಸುಮ್ನಿದ್ರು ಅಂತಾನೂ ಆಗುತ್ತೆ. ಆ ಮುರಳಿ ತಾಯಿ ಅದನ್ನ ಓದ್ತಾರೆ. ಯೋಚನೆ ಮಾಡು."

ಪ್ರಮೋದಾ ಯೋಚಿಸಿದಳು. ಬುಧವಾರ ಸಂಜೆ ನಂದೀಶ ಮನೆಗೆ ಬಂದು ಎರಡು ಮುದ್ದೆ ಉಂಡಿದ್ದ. ಏನೂ ಹೇಳಿರಲಿಲ್ಲ. ದಿಟಾನಾ, ಎಂದು ಕೇಳಿದ್ದರು ಮುನಿರತ್ನಮ್ಮ. ಅವರು ಅರ್ಧ ಉತ್ತರ ಕೇಳಿರಲಿಲ್ಲ.

"ಬರೀರಿ," ಎಂದಳು. "ಬುಧವಾರ ಅಂತಾನೂ ಬರೀರಿ."

ಮಸ್ತಾನ್ ಗೂಡಿನಿಂದ ರೂಲು ಹಾಳೆಯ ಪುಸ್ತಕ ತೆಗೆದರು. ಪೆನ್ನು ಹಿಡಿದವರು ಬರೆಯದೆ ಅವಳ ಮುಖವನ್ನೇ ನೋಡುತ್ತ ನಿಂತರು.

"ಇನ್ನೊಂದು ಮಾತಿದೆ ಬೇಟಿ. ಗುರುವಾರ ಬೆಳಿಗ್ಗೆ ಎಂಟೂವರೆಗೆ ನಂದೀಶ್ ಫೋನಿಂದ ನನಗೆ ಕಾಲ್ ಬಂತು. ಮಾತಾಡಿದ್ದು ಅವರಲ್ಲ. ಹೆಂಗಸು. 'ಗೇಜು ನಾವೇ ಕಳಿಸ್ಕೊಡ್ತೀವಿ, ನೀವು ಈ ಕಡೆ ಬರಬೇಡಿ, ನೋಡಿದ್ದನ್ನ ಮರ್ತುಬಿಡಿ' ಅಂದ್ರು. ಕಟ್ ಮಾಡಿದ್ರು."

"ಯಾರು?"

"ಹನ್ನೆರಡು ದಿನದಿಂದ ಅದು ನೀನೇ ಅಂದ್ಕೊಂಡಿದ್ದೆ. ಅವರ ಫೋನು ಬೇರೆ ಯಾವ ಹೆಂಗಸಿನ ಕೈಗೆ ಹೋಗುತ್ತೆ ಹೇಳು? ಅದಕ್ಕೇ ನಿಮ್ಮ ಮನೆ ಕಡೆ ತಲೆ ಹಾಕ್ಲಿಲ್ಲ." ಮಸ್ತಾನ್ ತಲೆಯಾಡಿಸಿದರು. "ನೀನು ಬಾಗಿಲಲ್ಲಿ ನಿಂತು ಬಾಯಿ ತೆಗೆದಾಗಲೇ ಗೊತ್ತಾಯ್ತು. ಆ ದನಿ ನಿಂದಲ್ಲ."

ಹೊರಗೆ ರಸ್ತೆಯಲ್ಲಿ ಹಾಲಿನ ಕ್ಯಾನುಗಳ ಗಾಡಿಯೊಂದು ಗಡಗಡಿಸಿಕೊಂಡು ಹೋಯಿತು. ನಾವೇ ಕಳಿಸ್ಕೊಡ್ತೀವಿ: ಇದೇ ಮಾತನ್ನು ಪ್ರಮೋದಾ ಬೆಳಿಗ್ಗೆ ಭಾನುಪ್ರಿಯಾಳ ಬಾಯಲ್ಲಿ ಕೇಳಿದ್ದಳು.

ಆಮೇಲೆ ಎದ್ದು, ಬಿಚ್ಚಿಕೊಂಡಿದ್ದ ಆರರ ಎಲೆಯನ್ನು ಹಿಡಿಯೊಳಕ್ಕೆ ಮಡಚಿ, ಗೇಜನ್ನು ಮಸ್ತಾನರ ಅಂಗೈಯಲ್ಲಿಟ್ಟು ಅವರ ಬೆರಳುಗಳನ್ನು ಮುಚ್ಚಿದಳು.

"ಇದನ್ನ ಯಾರೂ ಕಳಿಸ್ಲಿಲ್ಲ, ನಾನೇ ತಂದು ಕೊಟ್ಟೆ. ಅದನ್ನೂ ಬರೀರಿ."